ಇಮೇಜ್ ಸೂಪರ್ ಆಗಿ ಬಂತು ಸರಿ, ಡೋಸ್ ಎಷ್ಟು ಹೋಯ್ತು? ಡಿಜಿಟಲ್ ಎಕ್ಸ್‌ರೇ ತೆಗೆಯೋರಿಗೆ

ನಮ್ಮಲ್ಲಿ ಟ್ರೈನಿಂಗ್‌ಗೆ ಬರೋ ಮಕ್ಕಳು ಎಕ್ಸ್‌ಪೋಷರ್ ಕೊಟ್ಟು ಮಾನಿಟರ್ ನೋಡಿ ಮೊದ್ಲು ಹೇಳೋ ಮಾತು "ಸರ್, ಇಮೇಜ್ ಸೂಪರ್ ಆಗಿ ಬಂತು" ಅಂತ. ನಾನು ವಾಪಸ್ ಕೇಳೋದು ಒಂದೇ, ಇಐ (ಎಕ್ಸ್‌ರೇ ಹಿಡಿಯೋ ಪ್ಲೇಟ್, ಅಂದ್ರೆ ಡಿಟೆಕ್ಟರ್ ಮೇಲೆ ಎಷ್ಟು ಬಿತ್ತು ಅಂತ ಹೇಳೋ ನಂಬರ್) ಎಷ್ಟು ಬಂತು? ಅದನ್ನ ನೋಡೇ ಇರಲ್ಲ. ಅವರ ತಪ್ಪು ಅಂತ ಹೇಳ್ತಿಲ್ಲ, ಸ್ಕ್ರೀನ್ ಮೂಲೆಲಿ ಚಿಕ್ಕದಾಗಿ ಇರೋ ಆ ನಂಬರ್ ಬಗ್ಗೆ ಕಾಲೇಜಲ್ಲಿ ಒಂದು ಸಾಲು ಹೇಳಿ ಮುಂದೆ ಹೋಗಿರ್ತಾರೆ. ಅದಕ್ಕೇ ಇಷ್ಟುದ್ದ ಬರೀತಾ ಇದೀನಿ, ಎಕ್ಸ್‌ರೇ ರೂಮಲ್ಲಿ ಕೆಲಸ ಮಾಡೋ ಎಲ್ಲರಿಗೂ ಇದು ಬೇಕು.

ನಾನು ಕೆಲಸಕ್ಕೆ ಸೇರಿದ್ದು ಫಿಲ್ಮ್ ಕಾಲದಲ್ಲಿ. ಡಾರ್ಕ್‌ರೂಮಲ್ಲಿ ಕೆಂಪು ದೀಪ, ಡೆವಲಪರ್ ಟ್ಯಾಂಕ್, ಫಿಕ್ಸರ್ ವಾಸನೆ, ಹ್ಯಾಂಗರ್‌ಗೆ ಹಾಕಿದ ಒದ್ದೆ ಫಿಲ್ಮ್. ಆಗ ಎಂಎಎಸ್ (ಎಕ್ಸ್‌ರೇ ಎಷ್ಟು ಪ್ರಮಾಣ ಹೊರಡ್ಬೇಕು ಅನ್ನೋ ಸೆಟ್ಟಿಂಗ್) ಜಾಸ್ತಿ ಕೊಟ್ರೆ ಫಿಲ್ಮ್ ಮಸಿ ಥರ ಕಪ್ಪಗೆ ಬರ್ತಿತ್ತು, ಕಮ್ಮಿ ಕೊಟ್ರೆ ಬೆಳ್ಳಗೆ, ಎರಡೂ ಡಾಕ್ಟರ್ ಕೈಗೆ ಕೊಡೋ ಹಾಗಿರ್ಲಿಲ್ಲ. ಫಿಲ್ಮೇ ನಮ್ಮ ತಪ್ಪನ್ನ ಹೇಳಿಬಿಡ್ತಿತ್ತು. ಡಿಜಿಟಲ್‌ನಲ್ಲಿ ಹಾಗಾಗಲ್ಲ. ಕಂಪ್ಯೂಟರ್ ಪ್ಲೇಟ್ ಮೇಲೆ ಬಿದ್ದ ಸಿಗ್ನಲ್‌ನ ಎಳೆದು ತಂದು ಸರಿಯಾದ ಬ್ರೈಟ್‌ನೆಸ್‌ಗೆ ಕೂರಿಸತ್ತೆ, ನೀವು ಬೇಕಾದಷ್ಟೇ ಕೊಡಿ, ಮೂರು ಪಟ್ಟು ಕೊಡಿ, ಮಾನಿಟರ್ ಮೇಲೆ ಎರಡೂ ಹೆಚ್ಚುಕಮ್ಮಿ ಒಂದೇ ಥರ ಕಾಣತ್ತೆ. ಇನ್ನೂ ಹೇಳ್ಬೇಕು ಅಂದ್ರೆ ಮೂರು ಪಟ್ಟು ಕೊಟ್ಟಿದ್ದೇ ಚೆನ್ನಾಗಿ ನುಣ್ಣಗೆ ಕಾಣತ್ತೆ. ಕಮ್ಮಿ ಕೊಟ್ಟಾಗ ಮಾತ್ರ ಇಮೇಜ್ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳಾಗಿ ಬರತ್ತೆ.

ಈ ರವೆ ಯಾಕೆ ಬರತ್ತೆ ಅಂತ ಅರ್ಥ ಆದ್ರೆ ಮುಂದಿನದೆಲ್ಲ ಸುಲಭ. ಒಣಗಿದ ಅಂಗಳದ ಮೇಲೆ ಮಳೆ ಶುರುವಾಗೋದನ್ನ ನೆನೆಸ್ಕೊಳ್ಳಿ, ಮೊದಲ ಹನಿಗಳು ಬಿದ್ದಾಗ ಇಲ್ಲೊಂದು ಅಲ್ಲೊಂದು ಚುಕ್ಕೆ, ಪಕ್ಕಪಕ್ಕದ ಜಾಗಕ್ಕೇ ಒಂದಕ್ಕೆ ಎರಡು ಹನಿ, ಇನ್ನೊಂದಕ್ಕೆ ಸೊನ್ನೆ. ಹತ್ತು ನಿಮಿಷ ಸುರಿದ ಮೇಲೆ ಎಲ್ಲಾ ಕಡೆ ಒಂದೇ ಸಮ ಒದ್ದೆ. ಎಕ್ಸ್‌ರೇ ಫೋಟಾನ್‌ಗಳೂ ಹಂಗೇ ಡಿಟೆಕ್ಟರ್ ಮೇಲೆ ಬೀಳೋದು, ಕಮ್ಮಿ ಬಿದ್ರೆ ಏರುಪೇರು ಕಣ್ಣಿಗೆ ಕಾಣತ್ತೆ. ಆದ್ರೆ ಇಲ್ಲೊಂದು ದುಬಾರಿ ಲೆಕ್ಕ ಇದೆ, ನಾಯ್ಸ್ (ಈ ರವೆ) ಅರ್ಧ ಆಗ್ಬೇಕು ಅಂದ್ರೆ ಡೋಸ್ ಎರಡು ಪಟ್ಟು ಕೊಟ್ರೆ ಸಾಲಲ್ಲ, ನಾಲ್ಕು ಪಟ್ಟು ಬೇಕು. ಅಂದ್ರೆ ಸ್ವಲ್ಪ ನುಣುಪಿಗೋಸ್ಕರ ಪೇಷಂಟ್ ಮೈ ಮೇಲೆ ತುಂಬಾ ಜಾಸ್ತಿ ಹಾಕ್ತೀವಿ, ಆ ನುಣುಪಿಂದ ಡಾಕ್ಟರ್ ಓದೋದ್ರಲ್ಲಿ ಏನೂ ಬದಲಾಗದೇ ಇರಬಹುದು.

ಈಗ ಏನಾಗತ್ತೆ ನೋಡಿ. ರವೆ ಬಂದ್ರೆ ರೇಡಿಯಾಲಜಿಸ್ಟ್ ಫೋನ್ ಮಾಡಿ ಬೈತಾರೆ. ಜಾಸ್ತಿ ಕೊಟ್ರೆ ಯಾರೂ ಫೋನ್ ಮಾಡಲ್ಲ. ಹಾಗಾಗಿ ಟೆಕ್ನಿಷಿಯನ್ ಕೈ ತಾನಾಗೇ ಮೇಲಕ್ಕೆ ಹೋಗತ್ತೆ, ಇವತ್ತು ಒಂದು ಸ್ಟೆಪ್, ಮುಂದಿನ ತಿಂಗಳು ಇನ್ನೊಂದು. ಡೋಸ್ ಕ್ರೀಪ್ ಅಂತಾರೆ ಇದಕ್ಕೆ. ನಾನು ಮೊದಲು ಕೆಲಸ ಮಾಡ್ತಿದ್ದ ಒಂದು ಆಸ್ಪತ್ರೆಲಿ ಸಿಆರ್ (ಕ್ಯಾಸೆಟ್ ಪ್ಲೇಟ್‌ನ ರೀಡರ್‌ಗೆ ಹಾಕಿ ಓದಿಸೋ ಹಳೇ ಥರದ ಡಿಜಿಟಲ್) ಬಂದ ಎರಡು ವರ್ಷಕ್ಕೆ ನಾವು ಕೂತು ಹಳೇ ನಂಬರ್ ತೆಗೆದು ನೋಡಿದ್ವಿ, ಲಂಬಾರ್ ಸ್ಪೈನ್ (ಸೊಂಟದ ಬೆನ್ನುಮೂಳೆ) ಹೆಚ್ಚಿನವು ಬೇಕಾದ್ದಕ್ಕಿಂತ ಎರಡು ಪಟ್ಟು ಹೋಗ್ತಾ ಇತ್ತು. ಯಾರೂ ಬೇಕು ಅಂತ ಮಾಡಿದ್ದಲ್ಲ. ಆ ದಿನ ನನಗೆ ನಿಜವಾಗ್ಲೂ ಹೊಟ್ಟೆ ಉರೀತು, ಯಾಕಂದ್ರೆ ಅದ್ರಲ್ಲಿ ಅರ್ಧದಷ್ಟು ಎಕ್ಸ್‌ಪೋಷರ್ ಕೊಟ್ಟಿದ್ದು ನನ್ನ ಕೈಯೇ.

ಹಾಗಾದ್ರೆ ಮೊದಲ ಕೆಲಸ, ಇಐ ಓದೋದು ಕಲೀರಿ. ಇಐ ಅಂದ್ರೆ ಎಕ್ಸ್‌ಪೋಷರ್ ಇಂಡೆಕ್ಸ್. 2008ರಲ್ಲಿ ಐಇಸಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆ ಇದಕ್ಕೊಂದು ಸ್ಟ್ಯಾಂಡರ್ಡ್ ತಂದಿದೆ, ಅದರ ಪ್ರಕಾರ ಡಿಟೆಕ್ಟರ್ ಮೇಲೆ ಬಿದ್ದಿದ್ದು ಮೈಕ್ರೋಗ್ರೇ (ರೇಡಿಯೇಶನ್ ಅಳತೆ) ಲೆಕ್ಕದಲ್ಲಿ ಎಷ್ಟೋ ಅದರ 100 ಪಟ್ಟು, ಅಂದ್ರೆ ಇಐ 250 ಇದ್ರೆ ಸುಮಾರು 2.5 ಮೈಕ್ರೋಗ್ರೇ. ಇದರ ಜೊತೆ ಡಿಐ ಅಂತ ಇನ್ನೊಂದು ಬರತ್ತೆ, ಡೀವಿಯೇಶನ್ ಇಂಡೆಕ್ಸ್, ನೀವು ಟಾರ್ಗೆಟ್‌ಗಿಂತ ಎಷ್ಟು ದೂರ ಇದೀರಿ ಅಂತ ಹೇಳತ್ತೆ. ಸೊನ್ನೆ ಬಂದ್ರೆ ಸರಿಯಾಗಿ ಕೂತಿದೆ. ಪ್ಲಸ್ 1 ಅಂದ್ರೆ ಸುಮಾರು 26 ಪರ್ಸೆಂಟ್ ಜಾಸ್ತಿ, ಮೈನಸ್ 1 ಅಂದ್ರೆ 20 ಪರ್ಸೆಂಟ್ ಕಮ್ಮಿ, ಪ್ಲಸ್ 3 ಅಂದ್ರೆ ಎರಡು ಪಟ್ಟು, ಮೈನಸ್ 3 ಅಂದ್ರೆ ಅರ್ಧ. ಈ ನಾಲ್ಕು ಬಾಯಿಪಾಠ ಮಾಡ್ಕೊಳ್ಳಿ ಸಾಕು.

ಹಳೇ ಸಿಆರ್ ಇದ್ರೆ ಎಚ್ಚರ, ಒಂದೊಂದು ಕಂಪನಿದು ಒಂದೊಂದು ಥರ. ಫ್ಯೂಜಿಲಿ ಎಸ್ ನಂಬರ್ ಉಲ್ಟಾ, ನಂಬರ್ ಏರಿದ್ರೆ ಡೋಸ್ ಕಮ್ಮಿ ಅಂತ ಅರ್ಥ, ಎಸ್ 400 ಅಂದ್ರೆ ಎಸ್ 200ರ ಅರ್ಧ. ಕೋಡ್ಯಾಕ್‌ದು, ಆಮೇಲೆ ಕೇರ್‌ಸ್ಟ್ರೀಮ್ ಆಗಿದ್ದು, ಅದ್ರಲ್ಲಿ 300 ಜಾಸ್ತಿ ಆದ್ರೆ ಡೋಸ್ ಡಬಲ್. ಆಗ್ಫಾದ ಎಲ್‌ಜಿಎಂ 0.3 ಏರಿದ್ರೆ ಡಬಲ್. ಒಂದು ಕಡೆ ಫ್ಯೂಜಿಲಿ ಕಲಿತು ಇನ್ನೊಂದು ಕಡೆ ಕೆಲಸಕ್ಕೆ ಸೇರಿದ ಹುಡುಗ "ನಂಬರ್ ಜಾಸ್ತಿ ಬಂದಿದೆ, ಡೋಸ್ ಕಮ್ಮಿ ಇದೆ" ಅಂದ್ಕೊಂಡು ಏರಿಸ್ತಾ ಹೋಗಿದ್ದನ್ನ ನೋಡಿದೀನಿ.

ಆದ್ರೆ ಇಐನ ಕಣ್ಣು ಮುಚ್ಚಿ ನಂಬಬೇಡಿ. ಅದು ಡಿಟೆಕ್ಟರ್‌ಗೆ ಎಷ್ಟು ತಲುಪ್ತು ಅನ್ನೋದನ್ನ ಮಾತ್ರ ಹೇಳತ್ತೆ, ಪೇಷಂಟ್‌ಗೆ ಎಷ್ಟು ಹೋಯ್ತು ಅಂತ ಹೇಳಲ್ಲ. ಸಣಕಲು ಅಜ್ಜನ ಹೊಟ್ಟೆಗೂ 110 ಕೆಜಿ ಇರೋರ ಹೊಟ್ಟೆಗೂ ಒಂದೇ ಇಐ ಬಂದಿರಬಹುದು, ಆದ್ರೆ ಅಷ್ಟು ತಲುಪೋಕೆ ದಪ್ಪ ಇರೋರ ಚರ್ಮದ ಮೇಲೆ ಎಷ್ಟೋ ಪಟ್ಟು ಜಾಸ್ತಿ ಬಿದ್ದಿರತ್ತೆ. ಮತ್ತೆ ಮಷಿನ್ ಕಾಲಿಮೇಷನ್ (ಎಕ್ಸ್‌ರೇ ಬೀಳೋ ಜಾಗವನ್ನ ಬೇಕಾದಷ್ಟಕ್ಕೇ ಕಿರಿದು ಮಾಡೋದು) ಅಂಚನ್ನ ಸರಿಯಾಗಿ ಹಿಡೀದೇ ಇದ್ರೆ, ಸೊಂಟದಲ್ಲಿ ರಾಡ್ ಪ್ಲೇಟ್ ಇದ್ರೆ, ಒಂದೇ ಪ್ಲೇಟಲ್ಲಿ ಎರಡು ವ್ಯೂ ತೆಗೆದ್ರೆ ಆ ನಂಬರ್ ಎಡವಟ್ಟಾಗಿ ಬರತ್ತೆ. ಒಂದು ಇಮೇಜ್‌ದು ನೋಡಿ ಗಾಬರಿ ಆಗ್ಬೇಡಿ, ಒಂದೇ ಥರದ 20-30 ಕೇಸ್‌ದು ಒಟ್ಟಿಗೆ ನೋಡಿ.

ಈಗ ಕೆವಿ (ಎಕ್ಸ್‌ರೇ ಎಷ್ಟು ಜೋರಾಗಿ ತೂರಿ ಹೋಗ್ಬೇಕು ಅನ್ನೋ ಸೆಟ್ಟಿಂಗ್), ಎಂಎಎಸ್ ವಿಷಯ. ನಾಯ್ಸ್ ಬಂದ ತಕ್ಷಣ ಎಲ್ಲರ ಕೈ ಎಂಎಎಸ್ ಮೇಲೆ ಹೋಗತ್ತೆ. ಬೇರೆ ದಾರಿ ಇದೆ. ಕೆವಿನ 15 ಪರ್ಸೆಂಟ್ ಏರಿಸಿದ್ರೆ ಡಿಟೆಕ್ಟರ್‌ಗೆ ತಲುಪೋದು ಹೆಚ್ಚುಕಮ್ಮಿ ಎಂಎಎಸ್ ಡಬಲ್ ಮಾಡಿದಷ್ಟೇ ಆಗತ್ತೆ. ಹಾಗಾಗಿ 70 ಕೆವಿ 20 ಎಂಎಎಸ್ ಕೊಡ್ತಿದ್ದ ಜಾಗದಲ್ಲಿ 80 ಕೆವಿ 10 ಎಂಎಎಸ್ ಕೊಟ್ಟು ನೋಡಿ, ಡಿಟೆಕ್ಟರ್‌ಗೆ ಅಷ್ಟೇ ಸಿಗತ್ತೆ, ಚರ್ಮದ ಮೇಲೆ ಬೀಳೋದು ಸುಮಾರು ಮೂರನೇ ಒಂದು ಭಾಗ ಇಳಿಯತ್ತೆ. ಫಿಲ್ಮ್ ಕಾಲದಲ್ಲಿ ಕೆವಿ ಏರಿಸಿದ್ರೆ ಕಂಟ್ರಾಸ್ಟ್ ಸತ್ತು ಹೋಗ್ತಿತ್ತು, ಆ ಭಯ ಹಳಬರಲ್ಲಿ ಇನ್ನೂ ಇದೆ, ನನಗೂ ಇತ್ತು. ಡಿಜಿಟಲ್‌ನಲ್ಲಿ ಕಂಟ್ರಾಸ್ಟ್‌ನ ಪ್ರೊಸೆಸಿಂಗ್ ಬಹುಪಾಲು ವಾಪಸ್ ತರತ್ತೆ. ಆದ್ರೆ ಮಿತಿ ಇದೆ, ಕೆವಿ ಜೊತೆ ಸ್ಕ್ಯಾಟರ್ (ಮೈಯೊಳಗೆ ಚೆದುರಿ ದಾರಿ ತಪ್ಪಿದ ಎಕ್ಸ್‌ರೇ) ತೊಂದರೆನೂ ಏರತ್ತೆ, ದಪ್ಪ ಭಾಗದಲ್ಲಿ ಗ್ರಿಡ್ (ಆ ಸ್ಕ್ಯಾಟರ್ ತಡೆಯೋ ಸೀಸದ ಪಟ್ಟಿಗಳ ಜಾಲರಿ) ಇಲ್ದೇ ಏರಿಸಿದ್ರೆ ಇಮೇಜ್ ಮೇಲೆ ಮಂಜು ಕವಿದ ಹಾಗೆ ಆಗತ್ತೆ, ಅದನ್ನ ಪೂರ್ತಿ ತೆಗೆಯೋಕೆ ಯಾವ ಸಾಫ್ಟ್‌ವೇರ್‌ಗೂ ಆಗಲ್ಲ. ಕೈ ಬೆರಳು, ಮಣಿಕಟ್ಟಿಗೆಲ್ಲ ಏರಿಸೋಕೆ ಹೋಗ್ಬೇಡಿ, ಅಲ್ಲಿ ಡೋಸ್ ಹೇಗೂ ಚಿಲ್ಲರೆ, ಮೂಳೆಯ ಸಣ್ಣ ಗೆರೆ ಕಾಣೋದು ಮುಖ್ಯ.

ಎಲ್ಲಿ ತಲೆ ಕೆಡಿಸ್ಕೊಬೇಕು ಅನ್ನೋದೂ ಗೊತ್ತಿರ್ಬೇಕು. ದೊಡ್ಡವರ ಚೆಸ್ಟ್ ಪಿಎ (ಬೆನ್ನಿನ ಕಡೆಯಿಂದ ತೆಗೆಯೋ ಎದೆ ಎಕ್ಸ್‌ರೇ) ಒಂದಕ್ಕೆ ಸುಮಾರು 0.02 ಮಿಲಿಸೀವರ್ಟ್ (ಮೈಗೆ ತಗಲೋ ಡೋಸ್‌ನ ಅಳತೆ), ನಾವು ಭೂಮಿ ಮೇಲೆ ಸುಮ್ನೆ ಓಡಾಡ್ಕೊಂಡಿದ್ರೂ ವರ್ಷಕ್ಕೆ ಸರಾಸರಿ 2.4 ಬರತ್ತೆ, ಅಂದ್ರೆ ಒಂದು ಚೆಸ್ಟ್ ಮೂರು ದಿನದ ಲೆಕ್ಕ. ಲಂಬಾರ್ ಸ್ಪೈನ್ ಸುಮಾರು 1.5, ಅಂದ್ರೆ ಏಳು ತಿಂಗಳಿಗಿಂತ ಜಾಸ್ತಿ. 75 ಚೆಸ್ಟ್‌ಗೆ ಸಮ. ಸೊಂಟ, ಹೊಟ್ಟೆ, ಪೆಲ್ವಿಸ್, ಮತ್ತೆ ಮಕ್ಕಳು, ಇಲ್ಲಿ ನಿಮ್ಮ ಟೈಮ್ ಹಾಕಿ.

ಚೆಸ್ಟ್‌ಗೆ ಒಳ್ಳೆ ಮಷಿನ್, ಗ್ರಿಡ್ ಎರಡೂ ಇದ್ರೆ 110ರಿಂದ 125 ಕೆವಿ, 180 ಸೆಂಟಿಮೀಟರ್ ದೂರ. ತುಂಬಾ ಕಡೆ ರೂಮ್ ಚಿಕ್ಕದು, ಮಷಿನ್ ಚಿಕ್ಕದು ಅಂತ 100 ಸೆಂಟಿಮೀಟರಲ್ಲೇ ಹೊಡೀತಾರೆ, ಆಗ ಹಾರ್ಟ್ ದೊಡ್ಡದಾಗಿ ಕಂಡು ಇಲ್ಲದ ಕಾಯಿಲೆ ಬರೆಸ್ಕೊಂಡು ಪೇಷಂಟ್ ಎಕೋ ಮಾಡ್ಸೋಕೆ ಓಡ್ತಾನೆ. ಹಿಂದೆ ಹೋದಾಗ ಎಂಎಎಸ್ ಮೂರು ಪಟ್ಟಿಗಿಂತ ಸ್ವಲ್ಪ ಜಾಸ್ತಿ ಕೊಡ್ಬೇಕಾಗತ್ತೆ, ಅದನ್ನ ನೋಡಿ ಹೆದರ್ಬೇಡಿ, ಡಿಟೆಕ್ಟರ್‌ಗೆ ಅಷ್ಟೇ ತಲುಪತ್ತೆ, ಚರ್ಮದ ಡೋಸ್ ಸ್ವಲ್ಪ ಕಮ್ಮಿನೇ ಆಗತ್ತೆ.

ಗ್ರಿಡ್ ಬಗ್ಗೆ ಎರಡೇ ಮಾತು. 10-12 ಸೆಂಟಿಮೀಟರ್‌ಗಿಂತ ತೆಳ್ಳಗಿರೋ ಭಾಗಕ್ಕೆ ಗ್ರಿಡ್ ಬೇಡ, ಸುಮ್ನೆ ಡೋಸ್ ಎರಡು ಮೂರು ಪಟ್ಟು ಏರತ್ತೆ. ಕೆಲವರು ಕೈ, ಮಗುವಿನ ಎದೆ ಎಲ್ಲವನ್ನೂ ಬಕ್ಕಿಲೇ (ಟೇಬಲ್ ಅಥವಾ ಸ್ಟ್ಯಾಂಡಲ್ಲಿ ಗ್ರಿಡ್ ಇರೋ ಟ್ರೇ) ಇಟ್ಟು ತೆಗೀತಾರೆ, ಡಿಟೆಕ್ಟರ್ ಹೊರಗೆ ತೆಗೆಯೋ ಸೋಮಾರಿತನ, ಇದು ಸರಿಯಲ್ಲ. ವಾರ್ಡಲ್ಲಿ ಪೋರ್ಟಬಲ್ ತೆಗೆಯುವಾಗ ಹಾಸಿಗೆ ಮೆತ್ತಗಿದ್ದು ಗ್ರಿಡ್ ವಾಲಿದ್ರೆ ಒಂದು ಕಡೆ ಬೆಳ್ಳಗೆ ಬರತ್ತೆ, ಅದನ್ನ ಎಂಎಎಸ್ ಕಮ್ಮಿ ಆಯ್ತು ಅಂದ್ಕೊಂಡು ಜಾಸ್ತಿ ಮಾಡಿ ರಿಪೀಟ್ ಮಾಡ್ಬೇಡಿ, ಗ್ರಿಡ್ ನೇರ ಮಾಡಿ.

ಇನ್ನು ಕಾಲಿಮೇಷನ್. ನನ್ನ ಪ್ರಕಾರ ಇಡೀ ಲೇಖನದಲ್ಲಿ ಒಂದೇ ವಿಷಯ ನೆನಪಿಟ್ಕೊಳ್ಳೋದಾದ್ರೆ ಇದನ್ನ ಇಟ್ಕೊಳ್ಳಿ. ಉಳಿದ ಕಡೆ ಕ್ವಾಲಿಟಿಗೂ ಡೋಸ್‌ಗೂ ಜಗಳ, ಇಲ್ಲಿ ಮಾತ್ರ ಎರಡೂ ಒಂದೇ ಕಡೆ ಎಳೀತಾವೆ. ಕೋನ್ ಮಾಡಿದ್ರೆ, ಅಂದ್ರೆ ಕಿರಿದು ಮಾಡಿದ್ರೆ, ಮೈ ಮೇಲೆ ಬೀಳೋ ಜಾಗ ಕಮ್ಮಿ, ಸ್ಕ್ಯಾಟರ್ ಕಮ್ಮಿ, ಸ್ಕ್ಯಾಟರ್ ಕಮ್ಮಿ ಆದ್ರೆ ಕಂಟ್ರಾಸ್ಟ್ ಜಾಸ್ತಿ. ಕ್ಯಾಸೆಟ್ ಕಾಲದಲ್ಲಿ ಮಂಡಿಗೆ 8×10 ಇಂಚು ಹಾಕ್ತಿದ್ವಿ, ಅದಕ್ಕಿಂತ ಜಾಸ್ತಿ ತೆಗೆದ್ರೆ ಹೊರಗೆ ಹೋಗೋದು ಗೊತ್ತಾಗ್ತಿತ್ತು. ಡಿಆರ್‌ನಲ್ಲಿ (ಇಮೇಜ್ ನೇರವಾಗಿ ಕಂಪ್ಯೂಟರ್‌ಗೆ ಬರೋ ಹೊಸ ಥರದ ಡಿಜಿಟಲ್) ಡಿಟೆಕ್ಟರ್ ಸಾಮಾನ್ಯವಾಗಿ 14×17, ಹಾಗಾಗಿ ಪೂರ್ತಿ ತೆಗೆದು ಹೊಡೆದು ಆಮೇಲೆ ಮೌಸ್‌ನಲ್ಲಿ ಕ್ರಾಪ್ ಮಾಡಿ ಕಳಿಸ್ತಾರೆ. 14×17 ಅಂದ್ರೆ 8×10ರ ಮೂರು ಪಟ್ಟು ಜಾಗ. ಕ್ರಾಪ್ ಮಾಡಿದ್ರೆ ಇಮೇಜ್ ಚಿಕ್ಕದಾಗತ್ತೆ, ಒಳಗೆ ಹೋದ ರೇಡಿಯೇಶನ್ ವಾಪಸ್ ಬರಲ್ಲ. ಪುಟ್ಟ ಮಗುವಿನ ಚೆಸ್ಟ್ ಅಂತ ಹೇಳಿ ತಲೆಯಿಂದ ತೊಡೆವರೆಗೂ ಬಂದಿರೋ ಇಮೇಜ್ ನೋಡಿದಾಗೆಲ್ಲ ನನಗೆ ತುಂಬಾ ಬೇಜಾರಾಗತ್ತೆ. ಲೈಟ್ ಹಾಕಿ ಅಂಚು ನೋಡಿ ನಾಬ್ ತಿರುಗಿಸೋಕೆ ಐದು ಸೆಕೆಂಡ್ ಸಾಕು.

ಇಷ್ಟೆಲ್ಲ ಸೆಟ್ಟಿಂಗ್ ಸರಿ ಮಾಡಿ ರಿಪೀಟ್ ಮಾಡಿದ್ರೆ ಉಳಿಸಿದ್ದೆಲ್ಲ ಹೋಯ್ತು, ಡೋಸ್ ಡಬಲ್. ಫಿಲ್ಮ್ ಇದ್ದಾಗ ಸ್ಟೋರ್‌ಗೆ ಹಾಳೆ ಲೆಕ್ಕ ಕೊಡ್ಬೇಕಿತ್ತು, ಹಾಳಾದ ಫಿಲ್ಮ್ ಡಬ್ಬದಲ್ಲಿ ಬಿದ್ದಿರ್ತಿತ್ತು, ಎಲ್ಲರಿಗೂ ಕಾಣ್ತಿತ್ತು. ಈಗ ಡಿಲೀಟ್ ಒತ್ತಿದ್ರೆ ಮುಗೀತು, ಯಾರಿಗೂ ಗೊತ್ತಾಗಲ್ಲ. ರಿಪೀಟ್‌ಗೆ ಮುಖ್ಯ ಕಾರಣ ಕೆವಿ ಎಂಎಎಸ್ ಅಲ್ವೇ ಅಲ್ಲ, ಪೊಸಿಷನ್. ಅದ್ರಲ್ಲೂ ನಮ್ಮ ಕಡೆ ಪೇಷಂಟ್‌ಗೆ ನಾವು ಹೇಳಿದ್ದು ಅರ್ಥ ಆಗದೇ ಇರೋದು. "ಬ್ರೆತ್ ಇನ್, ಹೋಲ್ಡ್" ಅಂದ್ರೆ ಹಳ್ಳಿಯಿಂದ ಬಂದ ಅಜ್ಜಿಗೆ ಏನು ಗೊತ್ತಾಗ್ಬೇಕು? ಮೈಸೂರು ಕಡೆಯವರಿಗೆ "ಉಸಿರು ಮೇಲಕ್ಕೆ ಎಳ್ಕೊಂಡು ಹಂಗೇ ಹಿಡ್ಕೊಳವ್ವ" ಅನ್ನಿ, ಹುಬ್ಬಳ್ಳಿ ಕಲಬುರ್ಗಿ ಕಡೆ "ಉಸಿರು ಜಗ್ಗಿ ಹಿಡೀರಿ" ಅನ್ನಿ, ಗಡಿ ಊರಲ್ಲಿ ತೆಲುಗಲ್ಲೋ ಉರ್ದುಲ್ಲೋ ಅದೊಂದು ವಾಕ್ಯ ಕಲ್ತ್ಕೊಳ್ಳಿ. ಕನ್ಸೋಲ್ ಹತ್ರ ಹೋಗೋ ಮುಂಚೆ ಅವರ ಎದುರಿಗೆ ನಿಂತು ನೀವೇ ಉಸಿರು ಎಳೆದು ತೋರಿಸಿ, ಒಂದು ಸಲ ಅವರ ಕೈಲಿ ಮಾಡಿಸಿ. ನನ್ನ ಅನುಭವದಲ್ಲಿ ಚೆಸ್ಟ್ ರಿಪೀಟ್ ಇಳಿದಿದ್ದು ಹೊಸ ಮಷಿನ್‌ನಿಂದ ಅಲ್ಲ, ಈ ಒಂದು ಅಭ್ಯಾಸದಿಂದ.

ಮತ್ತೆ ಮೈ ಮೇಲಿನ ವಸ್ತು. ಜಡೆ ಭುಜದ ಮುಂದೆ ಬಿದ್ದಿದ್ರೆ ಶ್ವಾಸಕೋಶದ ತುದಿಲಿ ನೆರಳು ಬರತ್ತೆ, ಟಿಬಿ ಇರಬಹುದು ಅಂತ ಡೌಟ್ ಬರತ್ತೆ, ಜಡೆ ಎತ್ತಿ ತಲೆ ಮೇಲೆ ಕಟ್ಟಿಸಿ. ಕರಿಮಣಿ ತೆಗೆಯಕ್ಕೆ ತುಂಬಾ ಜನ ಒಪ್ಪಲ್ಲ, ಒತ್ತಾಯ ಮಾಡ್ಬೇಡಿ, ಸರ ಮೇಲೆತ್ತಿ ಬಾಯಲ್ಲಿ ಕಚ್ಚಿ ಹಿಡ್ಕೊಳ್ಳಕ್ಕೆ ಹೇಳಿ, ಎದೆ ಭಾಗ ಖಾಲಿ ಆಗತ್ತೆ. ಪೆಲ್ವಿಸ್‌ಗೆ ಮುಂಚೆ ಉಡಿದಾರ, ಅದಕ್ಕೆ ಕಟ್ಟಿರೋ ತಾಯತ ಕೇಳಿ. ಇದೆಲ್ಲ ಕೇಳೋಕೆ ಸಂಕೋಚ ಪಟ್ಕೊಂಡು ಆಮೇಲೆ ಎರಡನೇ ಸಲ ಎಕ್ಸ್‌ಪೋಷರ್ ಕೊಡೋದು ಬೇಡ. ಹೆಣ್ಣುಮಕ್ಕಳಿಗೆ ಕೊನೇ ಸಲ ಮುಟ್ಟಾಗಿದ್ದು ಯಾವಾಗ ಅಂತ ಮೆಲ್ಲಗೆ, ಬೇರೆಯವರಿಗೆ ಕೇಳಿಸದ ಹಾಗೆ ಕೇಳಿ, ಪಕ್ಕದಲ್ಲಿ ಅತ್ತೆನೋ ಗಂಡನೋ ನಿಂತಿದ್ರೆ ಅವರನ್ನ ಹೊರಗೆ ಕಳಿಸಿ ಕೇಳಿ.

ರಿಪೀಟ್ ಬಟನ್ ಒತ್ತೋ ಮುಂಚೆ ಒಂದು ನಿಮಿಷ ನಿಲ್ಲಿ. ಇಮೇಜ್ ವಿಚಿತ್ರವಾಗಿ ಬಂದಿದ್ರೆ ಮೆನುಲಿ ತಪ್ಪು ಭಾಗ ಆರಿಸಿದೀರಾ ನೋಡಿ, ಚೆಸ್ಟ್ ಮೆನುಲಿ ಮಂಡಿ ತೆಗೆದ್ರೆ ಹಂಗೇ ಬರೋದು, ಸರಿಯಾದ ಮೆನು ಹಾಕಿ ರೀಪ್ರೊಸೆಸ್ ಮಾಡಿ ಸಾಕು. ಸ್ವಲ್ಪ ರವೆ ಇದ್ರೆ ಡಾಕ್ಟರ್ ಏನು ನೋಡೋಕೆ ಬರೆದಿದಾರೆ ಅಂತ ಚೀಟಿ ನೋಡಿ. ರೈಲ್ಸ್ ಟ್ಯೂಬ್ (ಮೂಗಿಂದ ಹೊಟ್ಟೆಗೆ ಹಾಕೋ ನಳಿಕೆ) ಸರಿಯಾದ ಜಾಗದಲ್ಲಿದೆಯಾ ಅಂತ ನೋಡೋಕೆ, ಪ್ಲಾಸ್ಟರ್ ಹಾಕಿದ ಮೇಲೆ ಮೂಳೆ ಸಾಲಾಗಿ ಕೂತಿದೆಯಾ ನೋಡೋಕೆ ಆ ರವೆ ಯಾವ ಅಡ್ಡಿನೂ ಮಾಡಲ್ಲ. ಅದೇ ಮಗುಗೆ ಸಣ್ಣ ಫ್ರ್ಯಾಕ್ಚರ್ ಡೌಟ್ ಇದ್ರೆ ವಿಷಯ ಬೇರೆ. ಗೊತ್ತಾಗದಿದ್ರೆ ಡಾಕ್ಟರ್‌ನ ಕೇಳಿ "ಇಷ್ಟು ಸಾಕಾ ಮೇಡಂ" ಅಂತ, ತುಂಬಾ ಸಲ ಸಾಕು ಅಂತಾರೆ. ಅಮೆರಿಕದ ಮೆಡಿಕಲ್ ಫಿಸಿಸಿಸ್ಟ್‌ಗಳ ಸಂಘ ಎಎಪಿಎಂ 2015ರಲ್ಲಿ ಹೇಳಿರೋದು ರಿಜೆಕ್ಟ್ ರೇಟ್ (ಬೇಡ ಅಂತ ಬಿಟ್ಟ ಇಮೇಜ್‌ಗಳ ಪ್ರಮಾಣ) 8 ಪರ್ಸೆಂಟ್ ಗುರಿ, 10 ದಾಟಿದ್ರೆ ಏನಾಗ್ತಿದೆ ಅಂತ ಕೂತು ನೋಡಿ ಅಂತ, ಮಕ್ಕಳಿಗೆ 5 ಮತ್ತು 7. ಡಿಲೀಟ್ ಮಾಡೋವಾಗ ಕಾರಣ ಬರೆಯೋ ಅಭ್ಯಾಸ ಇದ್ರೆ ತಾನೇ ಇದೆಲ್ಲ ಗೊತ್ತಾಗೋದು.

ಮಕ್ಕಳ ವಿಷಯದಲ್ಲಿ ಇನ್ನೂ ಸ್ವಲ್ಪ. ಅವರ ಜೀವಕೋಶಗಳಿಗೆ ರೇಡಿಯೇಶನ್ ಜಾಸ್ತಿ ನಾಟತ್ತೆ, ಮುಂದೆ ಬದುಕೋ ವರ್ಷಗಳೂ ಜಾಸ್ತಿ. ದೊಡ್ಡವರ ಚಾರ್ಟ್‌ನ ಅರ್ಧ ಮಾಡಿ ಕೊಡೋದು ತಪ್ಪು, ಮಕ್ಕಳಿಗೆ ದಪ್ಪ ಅಳೆದು ಬೇರೆ ಚಾರ್ಟ್ ಮಾಡಿ. ಕೂಸಿನ ಚೆಸ್ಟ್‌ಗೆ 45 ಕೆವಿ ಕೊಡೋ ಹಳೇ ರೂಢಿ ಬಿಡಿ, 60-65 ಕೆವಿ, ಗ್ರಿಡ್ ಇಲ್ಲ, ಎಂಎ (ಟ್ಯೂಬ್ ಕರೆಂಟ್) ಜಾಸ್ತಿ ಟೈಮ್ ಕಮ್ಮಿ, ಮಷಿನ್‌ನಲ್ಲಿ ತಾಮ್ರದ ಎಕ್ಸ್ಟ್ರಾ ಫಿಲ್ಟರ್ ಇದ್ರೆ ಹಾಕಿ. ಹಿಡ್ಕೊಳ್ಳೋಕೆ ಅಪ್ಪನೋ ಅಮ್ಮನೋ ಇರ್ಲಿ, ಏಪ್ರನ್ ಹಾಕಿ, ಬಸುರಿ ಆಗಿರೋರು ಬೇಡ್ವೇ ಬೇಡ, ಪ್ರತಿಸಲ ಆಯಾನೇ ಹಿಡ್ಕೊಳ್ಳೋ ಪದ್ಧತಿನೂ ನಿಲ್ಸಿ. ಬೆನ್ನು ಸೊಟ್ಟ ಇರೋ ಹುಡುಗೀರಿಗೆ ಫಾಲೋಅಪ್ ಸ್ಪೈನ್ ತೆಗೆಯುವಾಗ ಎಪಿ (ಮುಂದಿನಿಂದ) ಬದಲು ಪಿಎ ತೆಗೀರಿ, ಎದೆಗೆ ಬೀಳೋ ಡೋಸ್ ತುಂಬಾ ಇಳಿಯತ್ತೆ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಗೊನಾಡ್ ಶೀಲ್ಡ್ (ಜನನಾಂಗದ ಜಾಗಕ್ಕೆ ಮುಚ್ಚೋ ಸೀಸದ ಹೊದಿಕೆ) ಕೇಳ್ತೀರಿ ಅಂತ ಗೊತ್ತು. ನಾವೆಲ್ಲ ಹಾಕಲೇಬೇಕು ಅಂತ ಕಲ್ತವರು. 2019ರಲ್ಲಿ ಎಎಪಿಎಂ ರೊಟೀನ್ ಆಗಿ ಹಾಕೋದು ನಿಲ್ಸಿ ಅಂತ ಹೇಳ್ತು, ಯಾಕಂದ್ರೆ ಜಾಗ ತಪ್ಪಿ ಕೂತ್ರೆ ನೋಡ್ಬೇಕಾದ ಮೂಳೆನೇ ಮುಚ್ಚತ್ತೆ, ರಿಪೀಟ್ ಆಗತ್ತೆ, ಇನ್ನೂ ಕೆಟ್ಟದ್ದು ಅಂದ್ರೆ ಎಇಸಿ (ಸಾಕಾದಾಗ ಎಕ್ಸ್‌ಪೋಷರ್ ತಾನಾಗೇ ನಿಲ್ಸೋ ವ್ಯವಸ್ಥೆ) ಚೇಂಬರ್ ಮೇಲೆ ಬಂದ್ರೆ ಮಷಿನ್ ಸಾಕಾಗ್ಲಿಲ್ಲ ಅಂದ್ಕೊಂಡು ಎಕ್ಸ್‌ಪೋಷರ್ ಎಳೀತಾನೇ ಹೋಗತ್ತೆ. ಕೃತಕ ಹಿಪ್ ಜಾಯಿಂಟ್ ಇರೋರಿಗೂ ಇದೇ ತೊಂದರೆ, ಅಲ್ಲಿ ಎಇಸಿ ಆಫ್ ಮಾಡಿ ಮ್ಯಾನ್ಯುಯಲ್ ಕೊಡಿ.

ನಮ್ಮ ಎದೆ ಮೇಲೆ ನಮಗೆ ಬಿದ್ದ ಡೋಸ್ ಅಳೆಯೋ ಟಿಎಲ್‌ಡಿ ಬ್ಯಾಡ್ಜ್ ಇದೆ, ಮೂರು ತಿಂಗಳಿಗೊಂದು ರಿಪೋರ್ಟ್ ಬರತ್ತೆ, ಎಇಆರ್‌ಬಿ (ದೇಶದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ) ನಮಗೆ ವರ್ಷಕ್ಕೆ ಸರಾಸರಿ 20 ಮಿಲಿಸೀವರ್ಟ್ ಅಂತ ಮಿತಿ ಹಾಕಿದೆ. ಪೇಷಂಟ್‌ಗೆ ಬ್ಯಾಡ್ಜೂ ಇಲ್ಲ, ಮಿತಿನೂ ಇಲ್ಲ, ಕಾಯಿಲೆ ನೋಡೋಕೆ ಬೇಕಾದಷ್ಟು ಕೊಡಬಹುದು ಅಂತ ಬಿಟ್ಟಿದಾರೆ. "ಬೇಕಾದಷ್ಟು" ಎಷ್ಟು ಅಂತ ತೀರ್ಮಾನ ಆಗೋದು ನಮ್ಮ ಕನ್ಸೋಲ್ ಹತ್ರ.

ಹಾಗಾಗಿ ಚಾರ್ಟ್ ಮಾಡಿ. ಹೊಸ ಡಿಆರ್ ಬಂದ ತಕ್ಷಣ ಹಳೇ ಸಿಆರ್ ಚಾರ್ಟ್ ಅಂಟಿಸ್ಬೇಡಿ, ಒಳ್ಳೆ ಸೀಸಿಯಂ ಅಯೋಡೈಡ್ ಡಿಟೆಕ್ಟರ್ ಆದ್ರೆ ಸಿಆರ್‌ಗೆ ಕೊಡ್ತಿದ್ದ ಸುಮಾರು ಅರ್ಧದಲ್ಲೇ ಅದೇ ಕ್ವಾಲಿಟಿ ಕೊಡತ್ತೆ. ನಾವು ಮಾಡಿದ್ದು ಹೀಗೆ. ಲಂಬಾರ್ ಲ್ಯಾಟರಲ್ (ಪಕ್ಕದಿಂದ ತೆಗೆಯೋದು), ಮಧ್ಯಮ ಮೈಕಟ್ಟು, 80 ಕೆವಿ 80 ಎಂಎಎಸ್ ಕೊಡ್ತಿದ್ವಿ. ಮೊದಲು ಕೆವಿ 92 ಮಾಡಿ ಎಂಎಎಸ್ 40 ಮಾಡಿದ್ವಿ. ಎರಡು ವಾರ ಬಿಟ್ಟು ರೇಡಿಯಾಲಜಿಸ್ಟ್ ಹತ್ರ ಕೂತು ಇಮೇಜ್‌ಗಳನ್ನ ಡಿಐ ನಂಬರ್ ಮುಚ್ಚಿ ತೋರಿಸಿದ್ವಿ, ಎಲ್ಲಿ ಕಷ್ಟ ಆಗ್ತಿದೆ ಹೇಳಿ ಅಂತ. ಅವರು ಏನೂ ವ್ಯತ್ಯಾಸ ಹೇಳ್ಲಿಲ್ಲ. ಆಮೇಲೆ ಒಂದೊಂದೇ ಸ್ಟೆಪ್ ಇಳಿಸಿ ಪ್ರತಿಸಲ ಅವರಿಗೆ ತೋರ್ಸಿ ಮುಂದೆ ಹೋದ್ವಿ, ಎಂಎಎಸ್ 25ಕ್ಕೆ ಬಂದಾಗ ಎಲ್5-ಎಸ್1 (ಸೊಂಟದ ಬೆನ್ನುಮೂಳೆಯ ಕೆಳತುದಿ) ಜಾಗ ರವೆ ಆಯ್ತು ಅಂದ್ರು, 32ಕ್ಕೆ ವಾಪಸ್ ಬಂದ್ವಿ. ನಿಮ್ಮ ಮಷಿನ್‌ಗೆ ಈ ನಂಬರ್ ಹೊಂದಲ್ಲ, ಕಾಪಿ ಮಾಡ್ಬೇಡಿ, ವಿಧಾನ ಮಾತ್ರ ತಗೊಳ್ಳಿ. ಕನ್ಸೋಲ್ ಪಕ್ಕ ಅಂಟಿಸಿರೋ ಚಾರ್ಟ್‌ನಲ್ಲಿ ಅದನ್ನ ಪೆನ್ಸಿಲ್‌ನಲ್ಲೇ ಬರ್ದಿದೀವಿ, ತಿಂಗಳ ಮೊದಲ ಶನಿವಾರ ಹಿಂದಿನ ತಿಂಗಳ ಡಿಐ ತೆಗೆದು ನೋಡ್ತೀವಿ, ಹೊಟ್ಟೆ ಎಕ್ಸ್‌ರೇದು ಇನ್ನೂ ಪ್ಲಸ್ 2ರ ಆಸುಪಾಸಲ್ಲೇ ಇದೆ, ಈ ತಿಂಗಳು ಅದನ್ನ ಶುರು ಮಾಡ್ಬೇಕು.